ಭರ್ತಿಯಾದ ದಿನದ ಹಾಳೆ

ಅಂಗವೈಕಲ್ಯ ಪಿಂಚಣಿಯ ಮಾತು ಬಂದರೆ ನಮ್ಮ ಅರಕೇರಿ ಕಡೆಯ ಮಾಜಿ ಸೈನಿಕರು ಗಾಯದ ಕಲೆ ತೋರಿಸುತ್ತಾರೆ. ನಾನು ಕೇಳುವುದು ಭರ್ತಿಯಾದ ದಿನದ ವೈದ್ಯಕೀಯ ಹಾಳೆಯನ್ನು.

ಧರ್ಮವೀರ್ ಸಿಂಗ್ 1985ರಲ್ಲಿ ಸಿಗ್ನಲ್ಸ್ ದಳ ಸೇರಿದರು. ಸುಮಾರು ಒಂಬತ್ತು ವರ್ಷಗಳ ಬಳಿಕ ಮೂರ್ಛೆರೋಗವೆಂದು, ಶೇ 20 ವೈಕಲ್ಯವೆಂದು ಬರೆದು ಮನೆಗೆ ಕಳಿಸಿದರು. ಸೇವೆಗೂ ರೋಗಕ್ಕೂ ಸಂಬಂಧವಿಲ್ಲ ಎಂದ ವೈದ್ಯಕೀಯ ಮಂಡಳಿ ಕಾರಣ ಕೊಡಲಿಲ್ಲ. ಆದರೆ 1982ರ ನಿಯಮಗಳ ಪ್ರಕಾರ, ಸೇರುವಾಗ ದಾಖಲಾಗದ ರೋಗವನ್ನು ಸಾಮಾನ್ಯವಾಗಿ ಸೇವೆಯಲ್ಲಿದ್ದಾಗ ಬಂದದ್ದೆಂದೇ ಭಾವಿಸಬೇಕು. ತಪಾಸಣೆಯಲ್ಲಿ ಸಿಗದಂಥ ರೋಗ ಎನ್ನುವುದಾದರೆ ಮಂಡಳಿ ಕಾರಣ ಬರೆಯಬೇಕು. ಸಾಬೀತು ಮಾಡುವ ಹೊಣೆ ಸಿಪಾಯಿಯದಲ್ಲ. 2013ರ ಜುಲೈ 2ರಂದು ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಇದ್ದ ನಿಯಮವನ್ನೇ ಓದಿಸಲು ಒಬ್ಬ ಸಿಪಾಯಿ ದಿಲ್ಲಿಯ ತನಕ ಹೋಗಬೇಕಾಯಿತು!

2023ರ ಸೆಪ್ಟೆಂಬರಿನಲ್ಲಿ ಹೊಸ ನಿಯಮಗಳು ಬಂದಿವೆ. ಅದಕ್ಕೂ ಮೊದಲು ಸೇವೆ ಬಿಟ್ಟವರು ಟ್ರಂಕಿನ ತಳದಲ್ಲಿ ಆ ಹಾಳೆಯನ್ನು ಹುಡುಕಲಿ.