ಬಾವಂಚಿ ಬೀಜ: ಔಷಧ ಬಳಕೆಯ ಇತಿಹಾಸ

ಬಾವಂಚಿ ದ್ವಿದಳ ಕುಟುಂಬಕ್ಕೆ ಸೇರಿದ, ಸುಮಾರು ಆಳೆದೆಯೆತ್ತರ ಬೆಳೆಯುವ ಏಕವಾರ್ಷಿಕ ಗಿಡ. ಸಂಸ್ಕೃತದಲ್ಲಿ ಬಾಕುಚಿ, ಅವಲ್ಗುಜ, ಮರಾಠಿಯಲ್ಲಿ ಬಾವಚಿ, ಚೀನಿಯಲ್ಲಿ ಬುಗುಝಿ. ಲಿನೇಯಸ್ 1753ರಲ್ಲಿ ಇದಕ್ಕೆ ಸೊರಾಲಿಯ ಕೊರಿಲಿಫೋಲಿಯ ಎಂದು ಹೆಸರಿಟ್ಟ. ಇಂದಿನ ಸಸ್ಯಶಾಸ್ತ್ರಜ್ಞರು ಕಲ್ಲೆನ್ ಕೊರಿಲಿಫೋಲಿಯಂ ಎನ್ನುತ್ತಾರೆ, ಔಷಧ ಗ್ರಂಥಗಳು ಮಾತ್ರ ಹಳೆಯ ಹೆಸರನ್ನು ಬಿಟ್ಟಿಲ್ಲ. ಎಲೆಯ ಮೇಲೆಲ್ಲ ಕಪ್ಪು ಗ್ರಂಥಿಗಳ ಚುಕ್ಕೆ, ನೀಲಿ ನೇರಳೆಯ ಸಣ್ಣ ಹೂ, ಒಂದೇ ಬೀಜದ ಪುಟ್ಟ ಕರಿ ಕಾಯಿ. ಕಾಯಿಯ ಸಿಪ್ಪೆ ಬೀಜಕ್ಕೆ ಅಂಟಿಕೊಂಡೇ ಇರುವುದರಿಂದ ಅಂಗಡಿಯಲ್ಲಿ ‘ಬೀಜ’ ಎಂದು ಕೊಡುವುದು ವಾಸ್ತವದಲ್ಲಿ ಇಡೀ ಕಾಯಿಯನ್ನೇ. ಜಗಿದರೆ ಕಹಿ, ಮೂಸಿದರೆ ಘಾಟು.

ಬಾವಂಚಿ ದಖ್ಖನಿನ ಎರೆನೆಲದ ಕಳೆ. ಹೊಲದ ಬದು, ರಸ್ತೆಯ ಅಂಚು, ಪಾಳುಬಿಟ್ಟ ಜಾಗ ಎಂದರೆ ಇದಕ್ಕೆ ಇಷ್ಟ. ಮಹಾರಾಷ್ಟ್ರದ ಗಡಿಗೆ ತಾಗಿದ ಬೆಳಗಾವಿ ಜಿಲ್ಲೆಯ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ ತಾಲೂಕುಗಳ ಕೃಷ್ಣಾ ದಂಡೆಯ ಕಪ್ಪು ಮಣ್ಣು ಅಂಥದೇ ನೆಲ. ಕಬ್ಬಿಗೂ ನಿಪ್ಪಾಣಿಯ ತಂಬಾಕಿಗೂ ಹೆಸರಾದ ಈ ಸೀಮೆಯಲ್ಲಿ ಬಾವಂಚಿಯನ್ನು ಬೆಳೆಯೆಂದು ಲೆಕ್ಕಕ್ಕೆ ಹಿಡಿಯುವವರು ಕಡಿಮೆ.

ಭಾರತೀಯ ವೈದ್ಯ ಪರಂಪರೆಯಲ್ಲಿ ಬಾವಂಚಿ ಮೊದಲಿನಿಂದಲೂ ಚರ್ಮದ ಮದ್ದು. ಚರಕ, ಸುಶ್ರುತ ಸಂಹಿತೆಗಳು ಅವಲ್ಗುಜವನ್ನು ಕುಷ್ಠ ಮತ್ತು ಶ್ವಿತ್ರಕ್ಕೆ ಹೇಳುತ್ತವೆ. ಶ್ವಿತ್ರವೆಂದರೆ ತೊನ್ನು, ಗಡಿಭಾಗದ ಮರಾಠಿ ಮಾತಿನಲ್ಲಿ ಕೋಡ. ಚರಕಸಂಹಿತೆಯಲ್ಲಿ ಇನ್ನೊಂದು ವಿಧಿಯೂ ಇದೆ: ಬೇರೊಂದು ಗಿಡದ ರಸವನ್ನು ಬೆಲ್ಲದೊಡನೆ ಕುಡಿಸಿ, ರೋಗಿಯನ್ನು ತಾಳುವಷ್ಟು ಹೊತ್ತು ಬಿಸಿಲಿಗೆ ಕೂರಿಸುವುದು. ಬಾವಂಚಿ ಬೀಜಕ್ಕೂ ಬಿಸಿಲಿಗೂ ಇರುವ ನಂಟು ಏನೆಂಬುದನ್ನು ರಸಾಯನಶಾಸ್ತ್ರ ತೋರಿಸಿಕೊಟ್ಟದ್ದು 20ನೆಯ ಶತಮಾನದಲ್ಲಿ.

ಅದೇ ಬೀಜ ಚೀನಾದಲ್ಲಿ ಬೇರೆಯೇ ಕೆಲಸಕ್ಕೆ ಬಿತ್ತು. ಅಲ್ಲಿ ಅದು ಸೊಂಟ, ಮೊಣಕಾಲು, ಮೂಳೆ ಮತ್ತು ಮೂತ್ರಕೋಶದ ಮದ್ದು. ಚೀನಿ ವೈದ್ಯದ ಮಾತಿನಲ್ಲಿ ಹೇಳುವುದಾದರೆ ಮೂತ್ರಪಿಂಡದ ಕುಂದಿದ ಕಾವನ್ನು ಹೆಚ್ಚಿಸುವಂಥದ್ದು. ಸಮುದ್ರದಾಚೆಯಿಂದ ಬಂದ ಈ ಮದ್ದಿನ ಬಗ್ಗೆ ಒಂದು ದಾಖಲೆ ಸೊಗಸಾಗಿದೆ. ತಾಂಗ್ ಅರಸರ ಕಾಲದಲ್ಲಿ ದಕ್ಷಿಣ ಕರಾವಳಿಯ ಅಧಿಕಾರಿಯಾಗಿದ್ದ 75ರ ಮುದುಕ ಝೆಂಗ್ ಯಿನ್ ಅಲ್ಲಿನ ತೇವದ ಹವೆಗೆ ಸೋತು ಹಾಸಿಗೆ ಹಿಡಿದ. 812ರಲ್ಲಿ ಜಾವಾ ಕಡೆಯ ಹಡಗಿನ ಯಜಮಾನನೊಬ್ಬ ಅವನಿಗೆ ಈ ಬೀಜದ ಪಾಕ ಹೇಳಿಕೊಟ್ಟ. ಬೀಜದ ಪುಡಿ ಒಂದು ಪಾಲು, ಅರೆದ ಅಕ್ರೋಟು ಎರಡು ಪಾಲು, ಕಲಸಲು ಜೇನು. ಗುಣವಾದ ಝೆಂಗ್ ಯಿನ್ ಆ ಪಾಕವನ್ನು ಬರೆದಿಟ್ಟ. ಮುಂದಿನ ಔಷಧ ಗ್ರಂಥಗಳು ಅದನ್ನು ಎತ್ತಿಕೊಂಡವು. 1596ರಲ್ಲಿ ಅಚ್ಚಾದ ಲೀ ಶಿಝೆನ್‌ನ ಮಹಾಗ್ರಂಥದಲ್ಲೂ ಅದು ಬರುತ್ತದೆ. ಒಬ್ಬ ಮುದುಕ ಗುಣವಾದನೆಂದ ಮಾತ್ರಕ್ಕೆ ಮದ್ದಿನ ಗುಣ ಸಾಬೀತಾಗದು, ಆದರೆ ಮದ್ದುಗಳು ಹಡಗು ಹತ್ತಿ ಹೋಗುತ್ತಿದ್ದ ಬಗೆಗೆ ಇದು ಒಳ್ಳೆಯ ಸಾಕ್ಷಿ. ಸೋಂಗ್ ಕಾಲದ ‘ಚಿಂಗ್ ಎ’ ಗುಳಿಗೆಯಲ್ಲಿ ಬೀಜ, ಅಕ್ರೋಟುಗಳ ಜೊತೆಗೆ ಒಂದು ಮರದ ತೊಗಟೆ ಮತ್ತು ಬೆಳ್ಳುಳ್ಳಿ ಸೇರಿದವು, ಅದು ಸೊಂಟನೋವಿಗೆ. ‘ಸಿ ಶೆನ್’ ಗುಳಿಗೆಯಲ್ಲಿ ಜಾಯಿಕಾಯಿಯೂ ಇದೆ. ಅದು ಬೆಳಗಿನ ಜಾವಕ್ಕೆ ಸರಿಯಾಗಿ ಕಾಡುವ ಭೇದಿಗೆ. ಇವೆರಡೂ ಇಂದಿಗೂ ಬಳಕೆಯಲ್ಲಿವೆ.

ಹಸಿ ಬೀಜ ಖಾರವೆಂಬುದನ್ನು ಎರಡೂ ಕಡೆಯವರು ಬಲ್ಲರು. ಇಲ್ಲಿಯ ವೈದ್ಯರು ಗೋಮೂತ್ರದಲ್ಲಿ ನೆನೆಹಾಕಿ ಶುದ್ಧಿ ಮಾಡಿದರೆ, ಚೀನಿಯರು ಉಪ್ಪುನೀರು ಚಿಮುಕಿಸಿ ಹುರಿಯುತ್ತಾರೆ.

ಬೀಜದ ಗುಟ್ಟು ಹೊರಬಿದ್ದದ್ದರಲ್ಲಿ ಕನ್ನಡನಾಡಿನ ರಸಾಯನಶಾಸ್ತ್ರಜ್ಞರ ಪಾಲು ದೊಡ್ಡದು; ಸಿಗಬೇಕಾದಷ್ಟು ಹೆಸರು ಅವರಿಗೆ ಸಿಕ್ಕಿಲ್ಲ. ಜೋಯಿಸ್, ಬಿ.ಎಲ್. ಮಂಜುನಾಥ ಮತ್ತು ವೆಂಕಟರಾವ್ 1933ರಲ್ಲಿ ಬಾವಂಚಿ ಬೀಜದ ರಾಸಾಯನಿಕ ವಿಶ್ಲೇಷಣೆಯನ್ನು ಪ್ರಕಟಿಸಿದರು. ಅವರು ಬೇರ್ಪಡಿಸಿದ ಹರಳಿಗೆ ಗಿಡದ ಹೆಸರಿನಿಂದಲೇ ಸೊರಾಲೆನ್ ಎಂಬ ಹೆಸರಾಯಿತು. 1936ರಲ್ಲಿ ವಿಯೆನ್ನಾದ ಅರ್ನ್‌ಸ್ಟ್ ಶ್ಪೇಟ್ ಜೊತೆ ಮಂಜುನಾಥ ಮತ್ತು ಜೋಯಿಸ್ ಅದರ ರಚನೆಯನ್ನೂ ಸಂಶ್ಲೇಷಣೆಯನ್ನೂ ಪ್ರಕಟಿಸಿದರು. ಸೊರಾಲೆನ್ ಅಣು ಜೀವಕೋಶದ ಡಿಎನ್‌ಎ ಎಳೆಗಳ ನಡುವೆ ಸೇರಿಕೊಳ್ಳುತ್ತದೆ. ಬಿಸಿಲಿನ ಎ ಬಗೆಯ ನೇರಳಾತೀತ ಕಿರಣ ತಾಕಿದಾಗ ಎರಡು ಎಳೆಗಳನ್ನೂ ಹೆಣೆದುಬಿಡುತ್ತದೆ. ಬಣ್ಣದ ಕೋಶಗಳು ಕೆರಳುವುದೂ ಚರ್ಮ ಬೊಬ್ಬೆ ಏಳುವುದೂ ಇದೇ ಗುಣದಿಂದ. 1940ರ ದಶಕದಲ್ಲಿ ಕೈರೋದ ಎಲ್ ಮೋಫ್ಟಿ ಈಜಿಪ್ಟಿನ ಬೇರೊಂದು ಗಿಡದಿಂದ ತೆಗೆದ ಇದೇ ಜಾತಿಯ ವಸ್ತುವನ್ನು ತೊನ್ನಿಗೆ ಬಳಸಿದ. 1974ರಲ್ಲಿ ಅಮೆರಿಕದ ವೈದ್ಯರು ಸೋರಿಯಾಸಿಸ್‌ಗೆ ರೂಪಿಸಿದ ‘ಪುವಾ’ ಚಿಕಿತ್ಸೆಯೂ ಇದೇ ತತ್ತ್ವದ್ದು.

ಬಾವಂಚಿ ಬೀಜದಲ್ಲಿರುವ ಇನ್ನೊಂದು ವಸ್ತು ಬಾಕುಚಿಯಾಲ್. 1966ರಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದ ಮೆಹ್ತಾ, ನಾಯಕ್, ಸುಖ್ ದೇವ್ ಅದರ ರಚನೆಯನ್ನು ವರದಿ ಮಾಡಿದರು. 44 ಜನರ ಮೇಲೆ 12 ವಾರ ನಡೆದ ಹೋಲಿಕೆಯೊಂದು 2019ರಲ್ಲಿ ಬ್ರಿಟನ್ನಿನ ಚರ್ಮವೈದ್ಯ ಪತ್ರಿಕೆಯಲ್ಲಿ ಅಚ್ಚಾಯಿತು: ಮುಖದ ಸುಕ್ಕು, ಕಲೆ ತಗ್ಗಿಸುವುದರಲ್ಲಿ ಅದು ರೆಟಿನಾಲ್‌ಗೆ ಸಾಟಿ, ಉರಿ ಕಡಿಮೆ. ಪ್ರಯೋಗ ಚಿಕ್ಕದಾದರೂ ಸೌಂದರ್ಯವರ್ಧಕ ಕಂಪನಿಗಳಿಗೆ ಅಷ್ಟೇ ಸಾಕಾಯಿತು.

ಗಡಿಸೀಮೆಯ ಮನೆಗಳಿಗೆ ಬಾವಚಿ ಪರಿಚಯವಾಗುವುದು ಹೆಚ್ಚಾಗಿ ದೀಪಾವಳಿಯಲ್ಲಿ. ಅಭ್ಯಂಗಕ್ಕೆ ಮೈಗೆ ತಿಕ್ಕುವ ‘ಉಟಣೆ’ ಪುಡಿಗೆ ಕಚೋರ, ನಾಗರಮೋಥಾ, ಅಂಬೆಅರಿಸಿನ, ಲಾವಂಚಗಳ ಜೊತೆ ಇದನ್ನೂ ಹಾಕುತ್ತಾರೆ. ತಲೆಗೆ ಹಾಕುವ ಸೀಗೆಪುಡಿಯಲ್ಲೂ ಬೀಳುವುದುಂಟು. ಹಚ್ಚಿದ ಕೂಡಲೆ ತೊಳೆದುಹೋಗುವುದರಿಂದ ಇದರಲ್ಲಿ ಅಪಾಯ ಕಡಿಮೆ. ತೊನ್ನಿನ ಕಲೆಗೆ ಬೀಜ ಅರೆದು ಹಚ್ಚಿ ಬಿಸಿಲಿಗೆ ಕೂರುವ ಸಂಗತಿ ಬೇರೆ: ಲೇಪದ ಗಟ್ಟಿತನವೂ ಬಿಸಿಲಿನ ತೀಕ್ಷ್ಣತೆಯೂ ಅಳತೆಗೆ ಸಿಕ್ಕದೆ ಮೈ ಸುಟ್ಟ ಹಾಗೆ ಬೊಬ್ಬೆಯೇಳಬಹುದು. ಹೊಟ್ಟೆಗೆ ತೆಗೆದುಕೊಂಡವರಲ್ಲಿ ಯಕೃತ್ತು ಕೆಟ್ಟ ಪ್ರಕರಣಗಳು ಕೊರಿಯಾ, ಜರ್ಮನಿಗಳಿಂದ ವರದಿಯಾಗಿವೆ. ಚೀನಾದ ಅಧಿಕೃತ ಔಷಧಕೋಶ ಕಷಾಯಕ್ಕೆ 6ರಿಂದ 10 ಗ್ರಾಂ ಎಂದು ಮಿತಿ ಹಾಕಿದೆ. ಹಚ್ಚುವುದಕ್ಕೆ ಹೇಳಿರುವುದು ಶೇ. 20ರಿಂದ 30ರಷ್ಟು ಸಾಂದ್ರತೆಯ ಟಿಂಕ್ಚರನ್ನು.