ಬೈಲಕುಪ್ಪೆ ಟಿಬೆಟನ್ ಕ್ಯಾಂಪ್: ಜಮೀನು ಯಾರದ್ದು?

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ಕ್ಯಾಂಪ್ ಜಾಗ ಟಿಬೆಟನ್ನರ ಸ್ವಂತದ್ದಲ್ಲ, ಸರ್ಕಾರ ಲೀಸ್‌ಗೆ ಕೊಟ್ಟಿದ್ದು. 1959ರಲ್ಲಿ ದಲೈ ಲಾಮಾ ಅವರ ಹಿಂದೆಯೇ ಭಾರತಕ್ಕೆ ಬಂದ ನಿರಾಶ್ರಿತರಿಗಾಗಿ ಅಂದಿನ ಮೈಸೂರು ರಾಜ್ಯ ಸುಮಾರು 3,000 ಎಕರೆ ಬಿಟ್ಟುಕೊಟ್ಟಿತು. ಆಗ ಇಲ್ಲಿದ್ದದ್ದು ಬರೀ ಕಾಡು. ಡೇರೆ ಹಾಕಿಕೊಂಡು, ಮರ ಕಡಿದು, ಮುಸುಕಿನ ಜೋಳ ಬಿತ್ತಿದರು. ಇವತ್ತು ಗೋಲ್ಡನ್ ಟೆಂಪಲ್ ನೋಡಲು ಬರುವವರಿಂದ ಕೊಪ್ಪ, ಕುಶಾಲನಗರದ ಅಂಗಡಿಗಳಿಗೂ ವ್ಯಾಪಾರ.

ಇಷ್ಟು ವರ್ಷವಾದರೂ ಹಲವರು ಕಾಗದದ ಮೇಲೆ ವಿದೇಶಿಯರೇ; ನೋಂದಣಿ ಪತ್ರ, ಅಂದರೆ ಆರ್‌ಸಿ, ನವೀಕರಿಸುತ್ತಲೇ ಇರಬೇಕು. ಕೇಂದ್ರದ 2014ರ ಪುನರ್ವಸತಿ ನೀತಿಯಲ್ಲಿ 20 ವರ್ಷದ ಲೀಸ್, ಸರ್ಕಾರಿ ಯೋಜನೆ, ವ್ಯಾಪಾರ ಲೈಸೆನ್ಸ್ ಎಲ್ಲ ಇದೆ, ಒಡೆತನ ಇಲ್ಲ. ಪೌರತ್ವ ಕಾಯ್ದೆ ಪ್ರಕಾರ 1950ರ ಜನವರಿ 26ರಿಂದ 1987ರ ಜೂನ್ 30ರ ನಡುವೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ಹಾಗಾಗಿ ಒಂದೇ ಮನೆಯಲ್ಲಿ ಟಿಬೆಟ್‌ನಿಂದ ಬಂದ ಅಜ್ಜಿ ವಿದೇಶಿ, ಇಲ್ಲೇ ಹುಟ್ಟಿದ ಮಗ ಭಾರತೀಯ.