ಒಂದೇ ಮೇಜಿನ ಎರಡು ಘರಾಣೆ

1985ರಲ್ಲಿ ನ್ಯೂಯಾರ್ಕ್ ರಾಜ್ಯದ ಚಾಪಕ್ವಾ ಊರಿನಲ್ಲಿ, ರೀಡರ್ಸ್ ಡೈಜೆಸ್ಟ್ ಕಚೇರಿಯ ಕಾರು ನಿಲ್ಲಿಸುವ ಬಯಲಿನಲ್ಲಿ, ಡೇವಿಡ್ ಮೆಕ್ನರ್ ಎಂಬ ಹುಡುಗ ಬಿಳಿ ಬಟ್ಟೆ ತೊಟ್ಟು ಓಡಿದ, ಹಾರಿದ, ಜೋತುಬಿದ್ದು ಮೇಲೆ ಹತ್ತಿದ. ಅವನ ಅಣ್ಣ ಜೋರ್ಡನ್ ಅದನ್ನೆಲ್ಲ ವಿಡಿಯೋ ಕ್ಯಾಮೆರಾದಲ್ಲಿ ಹಿಡಿದ. ಆಮೇಲೆ ಟಿವಿ ಪರದೆಯಲ್ಲಿ ಆ ಟೇಪನ್ನು ತಡೆತಡೆದು ನಿಲ್ಲಿಸಿ, ಒಂದೊಂದೇ ಭಂಗಿಯ ಫೋಟೊ ತೆಗೆದು, ಫೋಟೊಗಳ ಮೇಲೆ ಮೈಯ ಅಂಚನ್ನು ಕೈಯಿಂದ ತಿದ್ದಿ, ಆಪಲ್ ಟೂ ಕಂಪ್ಯೂಟರಿಗೆ ಇಳಿಸಿದ. ವರ್ಷಗಟ್ಟಲೆ ದುಡಿದ ಮೇಲೆ, 1989ರಲ್ಲಿ, ಅದು 'ಪ್ರಿನ್ಸ್ ಆಫ್ ಪರ್ಶಿಯಾ' ಎಂಬ ಆಟವಾಗಿ ಹೊರಬಂತು. ಅಷ್ಟರಲ್ಲಿ ಆಪಲ್ ಟೂ ಕಾಲವೇ ಮುಗಿಯುತ್ತ ಬಂದಿತ್ತು. ಮೊದಮೊದಲು ಅಮೆರಿಕದಲ್ಲಿ ಅದನ್ನು ಕೊಂಡವರು ಕಡಿಮೆ. 1990ರಲ್ಲಿ ಡಾಸ್‌ಗೆ, ಮುಂದೆ ಇನ್ನೂ ಹಲವು ಯಂತ್ರಗಳಿಗೆ ಬಂದ ಮೇಲೆಯೇ ಅದು ಲೋಕ ಸುತ್ತಿದ್ದು. ಫ್ಲಾಪಿಯಿಂದ ಫ್ಲಾಪಿಗೆ ನಕಲಾಗುತ್ತ ತೊಂಬತ್ತರ ದಶಕದ ನಡುವೆ ಧಾರವಾಡಕ್ಕೂ ಬಂತು.

ಧಾರವಾಡದಲ್ಲಿ ಆಗ ಕಂಪ್ಯೂಟರ್ ಕ್ಲಾಸುಗಳ ಕಾಲ. ಅಂಗಡಿ ಸಾಲಿನ ಮೇಲಿನ ಮಹಡಿಯಲ್ಲಿ ಒಂದು ಕೋಣೆ, ಕಿಟಕಿಗೆ ಗಟ್ಟಿ ಪರದೆ, ಬಾಗಿಲ ಹೊರಗೆ ಚಪ್ಪಲಿಗಳ ರಾಶಿ, ಒಳಗೆ ಎಸಿಯ ತಂಪು. ಕಲಿಸುತ್ತಿದ್ದದ್ದು ಡಾಸ್, ವರ್ಡ್‌ಸ್ಟಾರ್, ಲೋಟಸ್, ಡಿಬೇಸ್. ಅಪ್ಪ ನನ್ನನ್ನೂ ಅಣ್ಣನನ್ನೂ ಒಟ್ಟಿಗೇ ಸೇರಿಸಿದ್ದರು. ಇಬ್ಬರಿಗೂ ಸೇರಿ ಒಂದೇ ಯಂತ್ರ, ಒಂದೇ ಮೇಜು. ಲೆಕ್ಕದ ಫೈಲುಗಳ ನಡುವೆ ಯಾರೋ ಎರಡು ಆಟಗಳನ್ನು ಅಡಗಿಸಿಟ್ಟಿದ್ದರು. ಒಂದು ಪ್ರಿನ್ಸ್, ಇನ್ನೊಂದು ಡೇವ್. ತರಗತಿ ಮುಗಿದ ಮೇಲೆ ಸರ್ ನೋಡಿಯೂ ನೋಡದಂತೆ ಇರುತ್ತಿದ್ದರು. ಹೊತ್ತು ಮೀರಿದರೆ ಮಾತ್ರ "ಸಾಕ್ರೆಪ್ಪಾ, ಬಂದ್ ಮಾಡ್ರಿ" ಎಂಬ ದನಿ ಬರುತ್ತಿತ್ತು. ನಾನು ಪ್ರಿನ್ಸ್‌ಗೆ ಅಂಟಿಕೊಂಡೆ, ಅಣ್ಣ ಡೇವ್‌ಗೆ. ನಾವಿಬ್ಬರೂ ಈಗ ನಡುವಯಸ್ಸು ದಾಟುತ್ತಿದ್ದೇವೆ, ಇಬ್ಬರೂ ಇನ್ನೂ ಆಡುತ್ತೇವೆ. ಅವನಿಗೆ ಹಿಡಿಸಿದ ಆಟ ನನಗೆ ಹಿಡಿಸುವುದಿಲ್ಲ, ನನ್ನದು ಅವನಿಗೆ ಹಿಡಿಸುವುದಿಲ್ಲ. ಈ ಭೇದ ಆ ಮೇಜಿನ ಮೇಲೆಯೇ ಹುಟ್ಟಿತು ಎಂದು ನಾನು ನಂಬುತ್ತೇನೆ.

ಪ್ರಿನ್ಸ್ ಆಡಿದವರಿಗೆ ಗೊತ್ತು, ಅಲ್ಲಿ ಮೈಗೆ ಭಾರವಿದೆ. ಗುಂಡಿ ಒತ್ತಿದ ಕೂಡಲೇ ರಾಜಕುಮಾರ ಓಡುವುದಿಲ್ಲ. ಒಂದೆರಡು ಹೆಜ್ಜೆ ಇಟ್ಟು ವೇಗ ಹಿಡಿಯುತ್ತಾನೆ. ನಿಲ್ಲು ಎಂದರೂ ಜಾರಿಕೊಂಡೇ ನಿಲ್ಲುತ್ತಾನೆ. ಎರಡು ಅಂತಸ್ತಿನಿಂದ ಬಿದ್ದರೆ ಒಂದು ಪಾಲು ಜೀವ ಹೋಗುತ್ತದೆ, ಮೂರರಿಂದ ಬಿದ್ದರೆ ಸಾವು. ನೆಲದಲ್ಲಿ ಮೊನೆಗಳು, ಕಾಲಿಟ್ಟರೆ ಕಳಚುವ ಹಾಸುಗಲ್ಲು, ಬಾಯಿ ತೆರೆದು ಮುಚ್ಚುವ ಉಕ್ಕಿನ ಹಲ್ಲುಗಳು. ಶಿಫ್ಟ್ ಗುಂಡಿ ಹಿಡಿದರೆ ಮಾತ್ರ ಅವನು ಎಚ್ಚರದ ಹೆಜ್ಜೆ ಇಡುತ್ತಾನೆ, ಅಂಚಿಗೆ ಬಂದು ನಿಲ್ಲುತ್ತಾನೆ. ಇಡೀ ಆಟಕ್ಕೆ ಕೊಟ್ಟ ಕಾಲ 60 ನಿಮಿಷ. ಸತ್ತರೆ ಹಂತ ಮೊದಲಿನಿಂದ ಶುರುವಾಗುತ್ತದೆ, ಕಳೆದ ನಿಮಿಷ ಮಾತ್ರ ಮರಳುವುದಿಲ್ಲ. ಮೊದಲ ಹಂತ ದಾಟಿದ ಮೇಲೆ ಅಕ್ಷರ ಬರೆದ ಔಷಧಿ ಬುಡ್ಡಿಗಳು ಸಾಲಾಗಿ ನಿಂತಿರುತ್ತಿದ್ದವು. ಆಟದ ಜೊತೆ ಬರುವ ಪುಸ್ತಕದ ಇಂಥ ಪುಟದ ಇಂಥ ಸಾಲಿನ ಅಕ್ಷರದ್ದನ್ನೇ ಕುಡಿಯಬೇಕು ಎಂಬ ಆಜ್ಞೆ. ನಕಲು ಫ್ಲಾಪಿಯ ನಾಡಿನಲ್ಲಿ ಆ ಪುಸ್ತಕ ಎಲ್ಲಿಂದ ಬರಬೇಕು? ಊಹಿಸಿ ಕುಡಿಯುತ್ತಿದ್ದೆವು.

ಹಿಂದೆ ನಿಂತ ಅಣ್ಣನಿಗೆ ತಾಳ್ಮೆ ಇರುತ್ತಿರಲಿಲ್ಲ. "ಎಷ್ಟೊತ್ತು ನಿಂತು ನೋಡ್ತಿಯವ್ವಾ, ಓಡಸು ಅವನ್ನ!" ನಾನು ಓಡಿಸುತ್ತಿರಲಿಲ್ಲ. ನನ್ನ ಎಡಗೈಯ ಕಿರುಬೆರಳು ಶಿಫ್ಟ್ ಮೇಲೆಯೇ ಇರುತ್ತಿತ್ತು.

ಆ ಎಚ್ಚರದ ಬೇರು ಎಲ್ಲಿತ್ತು ಎಂಬುದು ತುಂಬಾ ವರ್ಷಗಳ ಮೇಲೆ ಗೊತ್ತಾಯಿತು. ಜೋರ್ಡನ್ ಮೆಕ್ನರ್ ತಾನು ಆಟ ಮಾಡುವಾಗಿನ ದಿನಚರಿಗಳನ್ನು ಪ್ರಕಟಿಸಿದ್ದಾನೆ. ಅವನಿಗೂ ಹಳೆಯ ಪ್ರೀತಿಗಳಿದ್ದವು. 'ಲೋಡ್ ರನ್ನರ್', 'ಕ್ಯಾಸಲ್ಸ್ ಆಫ್ ಡಾಕ್ಟರ್ ಕ್ರೀಪ್' ಮುಂತಾದ ಒಗಟಿನ ಆಟಗಳು ಒಂದು ಕಡೆ, 'ರೈಡರ್ಸ್ ಆಫ್ ದ ಲಾಸ್ಟ್ ಆರ್ಕ್' ಸಿನಿಮಾದ ಮೊದಲ ಹತ್ತು ನಿಮಿಷ ಇನ್ನೊಂದು ಕಡೆ. ಕಂದಕ ಹಾರಿ ಅಂಚಿಗೆ ಬೆರಳು ಸಿಕ್ಕಿಸಿಕೊಳ್ಳುವ ಆ ಕ್ಷಣ ಅವನಿಗೆ ಬೇಕಾಗಿತ್ತು. ಕತ್ತಿವರಸೆಯನ್ನು 1938ರ ರಾಬಿನ್ ಹುಡ್ ಸಿನಿಮಾದಿಂದ ತೆಗೆದ. ಎರಾಲ್ ಫ್ಲಿನ್ ಮತ್ತು ಬೇಸಿಲ್ ರಾತ್‌ಬೋನ್ ಪಕ್ಕದ ನೋಟದಲ್ಲಿ ಎದುರುಬದುರಾಗಿ ನಿಲ್ಲುವ ಕೆಲವೇ ಸೆಕೆಂಡುಗಳು ಅವನಿಗೆ ಸಾಕಾದವು. ಆಟದ ಸಂಗೀತ ಅವನ ತಂದೆ ಫ್ರಾನ್ಸಿಸ್ ಅವರದು.

ಆಟದಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು ನೆರಳು ಮನುಷ್ಯ. ಅವನು ಹುಟ್ಟಿದ್ದು ಕೊರತೆಯಿಂದ. ಕಂಪ್ಯೂಟರಿನ ಮೆಮೊರಿ ತುಂಬಿಹೋಗಿತ್ತು, ಹೊಸ ವೈರಿಯನ್ನು ಬರೆಯಲು ಜಾಗವಿರಲಿಲ್ಲ. ಕಾದಾಟವಿಲ್ಲದೆ ಆಟ ಸಪ್ಪೆ ಎಂದು ಮೆಕ್ನರನ ಗೆಳತಿ ಟೋಮಿ ಪಿಯರ್ಸ್ ಬಿಡದೆ ಹೇಳುತ್ತಿದ್ದಳು. ಮೆಕ್ನರ್ ರಾಜಕುಮಾರನ ಚಿತ್ರವನ್ನೇ ತೆಗೆದುಕೊಂಡು, ಅದನ್ನು ಒಂದು ಬಿಟ್‌ನಷ್ಟು ಸರಿಸಿ, ಮೂಲದೊಂದಿಗೆ ತಾಳೆ ಹಾಕಿದ. ಎರಡೂ ಒಂದೇ ಇದ್ದ ಕಡೆ ಅಳಿಸಿಹೋಗಿ, ಹೊಳೆಯುವ ಹೊರರೇಖೆಯೊಂದು ಉಳಿಯಿತು. ಹೆಚ್ಚುಕಮ್ಮಿ ಪುಕ್ಕಟೆಯಾಗಿ ಒಬ್ಬ ಪಾತ್ರಧಾರಿ ಸಿಕ್ಕ. ನಾಲ್ಕನೆಯ ಹಂತದಲ್ಲಿ ಕನ್ನಡಿಯೊಂದು ದಾರಿಗೆ ಅಡ್ಡ ನಿಲ್ಲುತ್ತದೆ. ಅದನ್ನು ಒಡೆದು ಹಾರಿದರೆ ನೆರಳು ಆಚೆಗೆ ಓಡಿಹೋಗುತ್ತದೆ. ಮುಂದೆ ನಮ್ಮ ಔಷಧಿ ಕುಡಿಯುತ್ತದೆ, ಬಾಗಿಲು ಮುಚ್ಚುತ್ತದೆ. ಕೊನೆಯಲ್ಲಿ ಕತ್ತಿ ಹಿರಿದು ಎದುರು ನಿಂತಾಗ, ಅದಕ್ಕೆ ಹೊಡೆದ ಏಟು ನಮ್ಮ ಜೀವವನ್ನೇ ಕಡಿಯುತ್ತದೆ. ಬಿಡಿಸಿಕೊಳ್ಳುವ ದಾರಿ ಒಂದೇ: ಕತ್ತಿಯನ್ನು ಒರೆಗೆ ಹಾಕಿ, ನೇರ ಅದರೊಳಕ್ಕೆ ನಡೆಯುವುದು. ಹದಿಮೂರು ಹದಿನಾಲ್ಕರ ವಯಸ್ಸಿನಲ್ಲಿ ಇದನ್ನು ಕಂಡುಕೊಂಡ ಸಂಜೆ ಮನೆಗೆ ಹೋಗುವ ದಾರಿಯುದ್ದಕ್ಕೂ ನಾನು ಮಾತಾಡಲಿಲ್ಲ. ಆಟವೊಂದು ಹೀಗೂ ಇರಬಹುದು ಎಂದು ಒಮ್ಮೆ ತಿಳಿದ ಮೇಲೆ, ಎಣಿಕೆಗಾಗಿ ಕೊಲ್ಲುವ ಆಟ ನನ್ನನ್ನು ಹಿಡಿದಿಡಲಿಲ್ಲ.

ಇನ್ನು ಡೇವ್. ಅದನ್ನು ಮಾಡಿದವನು ಜಾನ್ ರೊಮೆರೊ, 1988ರಲ್ಲಿ, ಡಿಸ್ಕ್ ರೂಪದ ಪತ್ರಿಕೆಯೊಂದಕ್ಕಾಗಿ. ಡಾಸ್‌ಗೆ ಬಂದದ್ದು 1990ರಲ್ಲಿ. ನಿಂಟೆಂಡೊದ 'ಸೂಪರ್ ಮಾರಿಯೊ' ನೋಡಿ ಹುಟ್ಟಿದ ಆಟ. ಹತ್ತು ಹಂತ. ಬಟ್ಟಲು ಎತ್ತಿಕೊಂಡರೆ ಬಾಗಿಲು ತೆರೆಯುತ್ತದೆ, ನಡುವೆ ಬೆಂಕಿ, ನೀರು, ಹರಳುಗಳು, ಒಂದು ಪಿಸ್ತೂಲು, ಬೆನ್ನಿಗೆ ಕಟ್ಟಿ ಹಾರುವ ಯಂತ್ರ. ಡೇವ್‌ನ ಮೈಗೆ ಭಾರವಿಲ್ಲ. ಒತ್ತಿದ ಗಳಿಗೆಯಲ್ಲೇ ಹಾರುತ್ತಾನೆ, ಸತ್ತರೆ ಭುಗ್ ಎಂದು ಉರಿದು ಮತ್ತೆ ಎದ್ದು ನಿಲ್ಲುತ್ತಾನೆ. ಅಣ್ಣನಿಗೆ ಬೇಕಾದದ್ದು ಅದೇ: ಬೆರಳಿಗೂ ಪರದೆಗೂ ನಡುವೆ ಅಂತರವಿಲ್ಲದಿರುವುದು.

ಡೇವ್‌ನ ವಂಶ ಎಲ್ಲಿಗೆ ಹೋಯಿತೆಂದು ನೋಡಿ. 1990ರ ಸೆಪ್ಟೆಂಬರಿನಲ್ಲಿ ಲೂಸಿಯಾನಾದ ಶ್ರೀವ್‌ಪೋರ್ಟ್ ಊರಿನ ಸಾಫ್ಟ್‌ಡಿಸ್ಕ್ ಕಂಪನಿಯಲ್ಲಿ, ರೊಮೆರೊನ ಸಹೋದ್ಯೋಗಿಗಳಾದ ಜಾನ್ ಕಾರ್ಮ್ಯಾಕ್ ಮತ್ತು ಟಾಮ್ ಹಾಲ್ ರಾತ್ರಿ ಕುಳಿತು 'ಸೂಪರ್ ಮಾರಿಯೊ 3'ರ ಮೊದಲ ಹಂತವನ್ನು ಪಿಸಿಯಲ್ಲಿ ಮರಳಿ ಕಟ್ಟಿದರು. ಪರದೆ ನುಣ್ಣಗೆ ಪಕ್ಕಕ್ಕೆ ಸರಿಯುತ್ತಿತ್ತು, ಮಾರಿಯೊನ ಜಾಗದಲ್ಲಿ ಡೇವ್ ಓಡುತ್ತಿದ್ದ. ಬೆಳಿಗ್ಗೆ ಅದನ್ನು ಕಂಡ ರೊಮೆರೊಗೆ ಇನ್ನು ಇಲ್ಲಿರುವುದರಲ್ಲಿ ಅರ್ಥವಿಲ್ಲ ಎನಿಸಿತು. ಮುಂದಿನ ವರ್ಷ ಐಡಿ ಸಾಫ್ಟ್‌ವೇರ್ ಹುಟ್ಟಿತು. 1992ರಲ್ಲಿ 'ವುಲ್ಫೆನ್‌ಸ್ಟೈನ್', 1993ರಲ್ಲಿ 'ಡೂಮ್', 1996ರಲ್ಲಿ 'ಕ್ವೇಕ್'. ಕ್ವೇಕ್‌ನ ಎಂಜಿನ್ ತಿದ್ದಿ 1998ರಲ್ಲಿ 'ಹಾಫ್ ಲೈಫ್', ಅದನ್ನು ತಿದ್ದಿ 1999ರಲ್ಲಿ ಮಿನ್ ಲೀ ಮತ್ತು ಜೆಸ್ ಕ್ಲಿಫ್ ಮಾಡಿದ 'ಕೌಂಟರ್ ಸ್ಟ್ರೈಕ್'. ಅಣ್ಣ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವಾಗ ಸೈಬರ್ ಕೆಫೆಯಲ್ಲಿ ಗೆಳೆಯರ ಜೊತೆ ಗಂಟೆಗಟ್ಟಲೆ ಆಡಿದ್ದು ಇದನ್ನೇ. ಡೇವ್‌ನ ಮೊಮ್ಮಕ್ಕಳ ಮನೆಯಲ್ಲೇ ಕುಳಿತಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ. ಬೆರಳಿಗೆ ಮಾತ್ರ ಗುರುತು ಹತ್ತಿತ್ತು.

ನನ್ನ ದಾರಿ ಬೇರೆ. ಮನೆಗೆ ಕಂಪ್ಯೂಟರ್ ಬಂದಾಗ 1996ರ 'ಟೂಂಬ್ ರೈಡರ್' ಸಿಕ್ಕಿತು. ಅದನ್ನು ರೂಪಿಸಿದ ಟೋಬಿ ಗಾರ್ಡ್‌ಗೆ ಪ್ರಿನ್ಸ್ ಒಂದು ಪ್ರೇರಣೆ. ಅದರ ನಾಯಕಿ ಲಾರಾ ನಡೆಯುವ ಲೋಕವೆಲ್ಲ ಚೌಕಗಳಲ್ಲಿ ಅಳೆದದ್ದು. ಅಂಚಿಗೆ ಬಂದು ನಿಂತು, ಒಂದು ನೆಗೆತ ಹಿಂದಕ್ಕೆ ಸರಿದು, ಓಡಿ ಹಾರಿದರೆ ಸರಿಯಾಗಿ ಆಚೆ ದಡ. ಬೀಳದಂತೆ ನಡೆಯಲು ಒತ್ತಬೇಕಾದ ಗುಂಡಿ ಯಾವುದು? ಅದೇ ಶಿಫ್ಟ್. ಕಿರುಬೆರಳಿಗೆ ಯಾರೂ ಪಾಠ ಹೇಳಬೇಕಾಗಲಿಲ್ಲ. 2003ರ 'ಸ್ಯಾಂಡ್ಸ್ ಆಫ್ ಟೈಮ್'ಗೆ ಮೆಕ್ನರನೇ ಕತೆ ಬರೆದ, ಅದನ್ನು ಪ್ರೀತಿಯಿಂದ ಆಡಿದೆ. ಅದೇ ತಂಡದಿಂದ ಹೊರಟು 2007ರಲ್ಲಿ ಬಂದ 'ಅಸಾಸಿನ್ಸ್ ಕ್ರೀಡ್' ನನ್ನನ್ನು ದೂರ ತಳ್ಳಿತು. ಗುಂಡಿ ಹಿಡಿದುಕೊಂಡರೆ ಸಾಕು, ನಾಯಕ ತಾನೇ ಗೋಡೆ ಹತ್ತುತ್ತಾನೆ, ಅವನೇ ಹಾರುತ್ತಾನೆ. ಲಕ್ಷಾಂತರ ಜನ ಮೆಚ್ಚಿದ್ದಾರೆ. ಆದರೆ ಬೀಳುವ ಭಯವನ್ನು ತೆಗೆದ ಮೇಲೆ ಹತ್ತುವುದರಲ್ಲಿ ನನಗೇನೂ ಉಳಿಯುವುದಿಲ್ಲ.

ಎಷ್ಟೋ ವರ್ಷಗಳ ಮೇಲೆ 'ಡಾರ್ಕ್ ಸೋಲ್ಸ್' ಎತ್ತಿಕೊಂಡಾಗ ಹತ್ತು ನಿಮಿಷದಲ್ಲಿ ಮೈಗೆ ಒಗ್ಗಿತು. ಕತ್ತಿ ಬೀಸಿದರೆ ಆ ಬೀಸು ಮುಗಿಯುವವರೆಗೂ ತಿರುಗುವಂತಿಲ್ಲ. ಪ್ರತಿ ಏಟಿಗೂ ಉಸಿರು ಖರ್ಚಾಗುತ್ತದೆ. ಮೂಲೆ ತಿರುಗುವ ಮುನ್ನ ನಿಂತು ನೋಡಬೇಕು. ಯಾಕಿಷ್ಟು ಪರಿಚಿತ ಎಂದು ಹುಡುಕುತ್ತ ಹೋದೆ. ಅದರ ನಿರ್ದೇಶಕ ಹಿದೆತಾಕಾ ಮಿಯಾಜಾಕಿ ಒರಾಕಲ್ ಕಂಪನಿಯ ನೌಕರಿಯಲ್ಲಿದ್ದವನು. ಗೆಳೆಯನ ಮಾತಿಗೆ 2001ರ 'ಇಕೊ' ಎಂಬ ಆಟ ಆಡಿದ, ಕೆಲಸವನ್ನೇ ಬಿಟ್ಟ, 2004ರಲ್ಲಿ 29ರ ವಯಸ್ಸಿನಲ್ಲಿ ಫ್ರಮ್‌ಸಾಫ್ಟ್‌ವೇರ್ ಸೇರಿದ. ಆ ಇಕೊವನ್ನು ಮಾಡಿದ ಫುಮಿತೊ ಉಯೆದಾ ತನ್ನನ್ನು ರೂಪಿಸಿದ ಆಟಗಳೆಂದು ಹೆಸರಿಸಿದ್ದು 'ಅನದರ್ ವರ್ಲ್ಡ್', 'ಫ್ಲ್ಯಾಷ್‌ಬ್ಯಾಕ್', ಮತ್ತು ಮೊದಲ 'ಪ್ರಿನ್ಸ್ ಆಫ್ ಪರ್ಶಿಯಾ'. 'ಅನದರ್ ವರ್ಲ್ಡ್' ಮಾಡಿದ ಫ್ರಾನ್ಸಿನ ಎರಿಕ್ ಶಾಹಿಯನ್ನು ಪ್ರಭಾವಿಸಿದ್ದರಲ್ಲಿ ಮೆಕ್ನರನ 1984ರ 'ಕರಾಟೆಕಾ' ಕೂಡ ಇದೆ. ನಾನು ಹೊಸದೆಂದುಕೊಂಡ ಮನೆಗೆ ಹಳೆಯ ಮನೆಯಿಂದಲೇ ದಾರಿಯಿತ್ತು.

ನಮ್ಮೂರಿನವರಿಗೆ ಇದು ಘರಾಣೆಯ ಮಾತು. ಗಂಗೂಬಾಯಿ ಹಾನಗಲ್ಲರ ಕಿರಾಣೆ, ಮಲ್ಲಿಕಾರ್ಜುನ ಮನ್ಸೂರರ ಜೈಪುರ ಅತ್ರೌಲಿ, ಎರಡೂ ಹುಬ್ಬಳ್ಳಿ ಧಾರವಾಡದ ಗಾಳಿಯಲ್ಲೇ ಇದ್ದವು. ಸ್ವರದ ಮೇಲೆ ತಂಗಿ ತಂಗಿ ಬೆಳೆಯುವ ಆಲಾಪಕ್ಕೆ ಪಳಗಿದ ಕಿವಿ ಯಾವ ಊರಿಗೆ ಹೋದರೂ ಅದನ್ನೇ ಅರಸುತ್ತದೆ. ಆಟದಲ್ಲೂ ಮೊದಲು ಕೈಗೆ ಕೂತದ್ದು ಲಯ. ಬಂದೂಕೋ ಕತ್ತಿಯೋ, ಕೋಟೆಯೋ ಅಂತರಿಕ್ಷವೋ ಎಂಬುದು ಆಮೇಲಿನ ಮಾತು. ಹತ್ತರಿಂದ ಮೂವತ್ತರ ವಯಸ್ಸಿನ ನೆನಪುಗಳೇ ಮನುಷ್ಯನಲ್ಲಿ ಹೆಚ್ಚು ದಟ್ಟವಾಗಿ ಉಳಿಯುತ್ತವೆ ಎಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಆದರೆ ನನ್ನದು ಬರೀ ನೆನಪಿನ ಮೋಹವಾಗಿದ್ದರೆ ಹಳೆಯ ಪ್ರಿನ್ಸನ್ನೇ ಮತ್ತೆ ಮತ್ತೆ ಆಡುತ್ತಿದ್ದೆ. ನಾನು ಹುಡುಕುವುದು ಹೊಸ ಆಟವನ್ನೇ. ಅದು ನನ್ನನ್ನು ನಿಂತು ನೋಡುವಂತೆ ಮಾಡಬೇಕು, ಅಷ್ಟೇ.

2012ರಲ್ಲಿ ಮೆಕ್ನರನ ತಂದೆಗೆ ಮನೆಯಲ್ಲೊಂದು ಪೆಟ್ಟಿಗೆ ಸಿಕ್ಕಿತು. ಒಳಗೆ, ಕಳೆದೇಹೋಯಿತೆಂದುಕೊಂಡಿದ್ದ ಆಪಲ್ ಟೂ ಮೂಲ ಕೋಡಿನ ಫ್ಲಾಪಿಗಳು. ಹಳೆಯ ಯಂತ್ರಗಳನ್ನು ಬಲ್ಲವರು ಅವನ್ನು ಓದಿಸಿದರು. ಈಗ ಆ ಕೋಡ್ ಎಲ್ಲರಿಗೂ ಮುಕ್ತ. ಆಟಗಳನ್ನು ಮಾಡಬೇಕೆನ್ನುವ ನಮ್ಮ ಹುಡುಗ ಹುಡುಗಿಯರು ಅದನ್ನು ಓದಬೇಕು ಎಂಬುದು ನನ್ನ ಆಸೆ. ಜಾಗ ಸಾಲದೆ ಹೋದಾಗ ನೆರಳು ಹೇಗೆ ಹುಟ್ಟುತ್ತದೆ ಎಂಬುದು ಅಲ್ಲಿದೆ.

ಅಣ್ಣನ ಮಗನಿಗೆ ಈಗ ಹದಿನಾಲ್ಕು. ಅವನ ಆಟ ಮೊಬೈಲಿನ ಬಿಜಿಎಂಐ. ನೂರು ಜನ ಒಂದು ದ್ವೀಪಕ್ಕೆ ಇಳಿದು ಕೊನೆಗೆ ಒಬ್ಬರೋ ಒಂದು ತಂಡವೋ ಉಳಿಯುವ ಆಟ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಗೋಡೆಯಾಚೆಯ ಹೆಜ್ಜೆ ಸಪ್ಪಳ ಹಿಡಿಯುತ್ತಾನೆ. ಎಡಗಡೆಯವನೋ ಬಲಗಡೆಯವನೋ, ಮಹಡಿಯ ಮೇಲೋ ಕೆಳಗೋ ಎಂದು ಹೇಳಬಲ್ಲ. ನನಗಾಗಲಿ ಅವನಪ್ಪನಿಗಾಗಲಿ ಆ ಕಿವಿ ಇಲ್ಲ. ಕಳೆದ ರಜೆಯಲ್ಲಿ ಅವನಿಗೆ ಪ್ರಿನ್ಸ್ ಆಡಿಸಿದೆ. ಮೊದಲ ಹಳ್ಳಕ್ಕೇ ಬಿದ್ದ, "ಅತ್ತೀ, ಇವ ಹೇಳಿದ ಕೂಡ್ಲೆ ಕೇಳೂದೇ ಇಲ್ಲಲ್ಲಾ" ಎಂದು ಕೈಬಿಟ್ಟ. ನಾನು ಒತ್ತಾಯ ಮಾಡಲಿಲ್ಲ. ಬದಲಿಗೆ ಅವನ ಆಟದ ಹಿಂದಿನ ಕತೆ ಹೇಳಿದೆ: ಅದರ ಮೂಲವಾದ ಪಬ್ಜಿಯನ್ನು ಕಟ್ಟಿದ ಐರ್ಲೆಂಡಿನ ಬ್ರೆಂಡನ್ ಗ್ರೀನ್ ಮೊದಲು 'ಡೇ ಝಡ್' ಎಂಬ ಆಟಕ್ಕೆ ಮರುಳಾಗಿ ಅದನ್ನು ತಿದ್ದಲು ಕುಳಿತವನು; ಆ ಡೇ ಝಡ್ ಕೂಡ 'ಆರ್ಮಾ 2' ಎಂಬ ಸೈನ್ಯದ ಆಟವನ್ನು ತಿದ್ದಿ ಹುಟ್ಟಿದ್ದು. ಹುಡುಗ ಮೊಬೈಲ್ ಕೆಳಗಿಟ್ಟ. ಅವನಪ್ಪನ ಹಳೆಯ ಲ್ಯಾಪ್‌ಟಾಪಿನಲ್ಲಿ ಆರ್ಮಾ ನಡೆಯುತ್ತದೆಯೇ ಎಂದು ಕೇಳಿದ.